ದಾಕ್ಷಿಣ್ಯದ ಮಾತು, ಹೆಣ್ಣಿನ ಮಾತು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಶಾಲೆ ಕಾಲೇಜುಗಳಲ್ಲಿ ಓದುತ್ತಿರುವ ಗೆಳೆಯರೇ, ನಿಮ್ಮ ಇಂಗ್ಲಿಷ್ ಪಠ್ಯದಲ್ಲಿ ಹದಿನೆಂಟನೆಯ ಶತಮಾನದ ಒಂದಾದರೂ ಪ್ರೇಮಕವಿತೆಯನ್ನು ನೀವು ಕಂಡಿರಬಹುದು. ಅದರಲ್ಲಿ ಹೆಣ್ಣು ಗುಲಾಬಿಯಾಗಿರುತ್ತಾಳೆ, ನಕ್ಷತ್ರವಾಗಿರುತ್ತಾಳೆ, ಕೆಲವೊಮ್ಮೆ ದೇವತೆಯೇ ಆಗಿರುತ್ತಾಳೆ. ಗಂಡು ಅವಳ ಪಾದದ ಬಳಿ ಕುಳಿತು ತನ್ನ ಪ್ರಾಣ ಅವಳ ಒಂದು ನೋಟದಲ್ಲಿದೆ ಎನ್ನುತ್ತಾನೆ. ಪರೀಕ್ಷೆಯಲ್ಲಿ ಆ ಪದ್ಯದ ಸಾರಾಂಶ ಬರೆಯಲು ಹೇಳುತ್ತಾರೆ. ನೀವು ಬರೆಯುತ್ತೀರಿ, ಅಂಕವೂ ಬರುತ್ತದೆ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಆ ಪದ್ಯವನ್ನು ಓದಿದ ಹೆಣ್ಣು ಏನೆಂದುಕೊಂಡಳು?

ಈ ಪ್ರಶ್ನೆಯನ್ನು ಹಿಡಿದು ಎರಡು ನಾಡುಗಳನ್ನು ಒಟ್ಟಿಗೆ ನೋಡೋಣ. ಒಂದು, ಹೆಂಗಸರಿಗೆಂದೇ ಕವಿತೆಗಳ ಸಂಗ್ರಹಗಳನ್ನು ಅಚ್ಚು ಹಾಕುತ್ತಿದ್ದ ಇಂಗ್ಲೆಂಡು. ಇನ್ನೊಂದು, ಅದೇ ಕಾಲದ ನಮ್ಮ ಮೈಸೂರು ಸೀಮೆ. ನಾನು ಕಾಲೇಜಿನಲ್ಲಿ ಓದಿದ್ದು ವಿಜ್ಞಾನ. ಹಾಗಾಗಿ ಎರಡು ವಸ್ತುಗಳನ್ನು ಪಕ್ಕಪಕ್ಕದಲ್ಲಿಟ್ಟು ಅಳೆದು ನೋಡುವುದು ನನಗೆ ರೂಢಿಯಾಗಿಬಿಟ್ಟಿದೆ. ಸಾಹಿತ್ಯದಲ್ಲೂ ಆ ರೂಢಿ ಕೆಲಸಕ್ಕೆ ಬರುತ್ತದೆ.

ದಾಕ್ಷಿಣ್ಯ ಎಂದರೇನು?

ಮೊದಲು ಒಂದು ಪದವನ್ನು ಸರಿಮಾಡಿಕೊಳ್ಳೋಣ. ಹೆಂಗಸರೊಡನೆ ಗಂಡಸು ನಡೆದುಕೊಳ್ಳಬೇಕಾದ ನಯ, ವಿನಯ, ಹೊಗಳಿಕೆ, ಕೈಹಿಡಿದು ನಡೆಸುವ ಔದಾರ್ಯ ಇವನ್ನೆಲ್ಲ ಇಂಗ್ಲಿಷರು 'ಗ್ಯಾಲಂಟ್ರಿ' ಎಂಬ ಒಂದೇ ಮಾತಿನಲ್ಲಿ ಹೇಳುತ್ತಿದ್ದರು. ಇದಕ್ಕೆ ನಮ್ಮಲ್ಲಿ ಪದವಿಲ್ಲವೆಂದು ತಿಳಿಯಬೇಡಿ. ನಮ್ಮ ಕಾವ್ಯಶಾಸ್ತ್ರದಲ್ಲಿ ನಾಯಕರು ನಾಲ್ಕು ಬಗೆ: ಅನುಕೂಲ, ದಕ್ಷಿಣ, ಶಠ, ಧೃಷ್ಟ. ಅನುಕೂಲನಿಗೆ ಒಬ್ಬಳೇ ನಾಯಿಕೆ. ದಕ್ಷಿಣನಿಗೆ ಹಲವರು, ಆದರೆ ಯಾರ ಮನಸ್ಸನ್ನೂ ನೋಯಿಸದೆ ಎಲ್ಲರೊಡನೆಯೂ ಸವಿಯಾಗಿ ನಡೆದುಕೊಳ್ಳುತ್ತಾನೆ. ಅವನ ಆ ಗುಣವೇ ದಾಕ್ಷಿಣ್ಯ. ಇಂದು ನಾವು 'ದಾಕ್ಷಿಣ್ಯಕ್ಕೆ ಬಿದ್ದು ಒಪ್ಪಿಕೊಂಡೆ' ಎನ್ನುವಾಗ ಬಳಸುವುದು ಅದೇ ಪದ. ಗಮನಿಸಿ: ದಾಕ್ಷಿಣ್ಯದಲ್ಲಿ ಸವಿಮಾತು ಇದೆ, ಆದರೆ ಸಮಾನತೆ ಇರಲೇಬೇಕೆಂದಿಲ್ಲ. ಹಲವು ರಾಣಿಯರ ಅರಮನೆಯಲ್ಲಿ ರಾಜ ಒಬ್ಬನೇ.

ಇಂಗ್ಲೆಂಡಿನ ಅಚ್ಚಿನ ಮನೆಗಳಲ್ಲಿ

ಹದಿನೆಂಟನೆಯ ಶತಮಾನದ ಆರಂಭಕ್ಕೆ ಇಂಗ್ಲೆಂಡಿನಲ್ಲಿ ಓದು ಬಲ್ಲ ಹೆಂಗಸರ ಸಂಖ್ಯೆ ಏರುತ್ತಿತ್ತು. ಓದುಗರಿದ್ದಲ್ಲಿ ಪುಸ್ತಕ ವ್ಯಾಪಾರಿ ಇರುತ್ತಾನೆ. 1704ರಲ್ಲಿ ಕೋವೆಂಟ್ರಿ ಊರಿನ ಜಾನ್ ಟಿಪ್ಪರ್ ಎಂಬ ಉಪಾಧ್ಯಾಯ 'ಲೇಡೀಸ್ ಡೈರಿ' ಎಂಬ ವಾರ್ಷಿಕ ಪಂಚಾಂಗವನ್ನು ಹೊರತಂದ. ಮೊದಲು ಅದರಲ್ಲಿ ಅಡುಗೆಯ ವಿಧಾನಗಳೂ ಇದ್ದವು. ಕೆಲವೇ ವರ್ಷಗಳಲ್ಲಿ ಅವು ಹೋಗಿ, ಆ ಜಾಗಕ್ಕೆ ಒಗಟುಗಳೂ ಗಣಿತದ ಲೆಕ್ಕಗಳೂ ಬಂದವು. ಅನೇಕ ಲೆಕ್ಕಗಳು ಪದ್ಯದಲ್ಲಿಯೇ ಇರುತ್ತಿದ್ದವು. ಉತ್ತರ ಕಳಿಸಿದವರಲ್ಲಿ ಹೆಂಗಸರೂ ಇದ್ದರು. ಒಂದು ಶತಮಾನಕ್ಕೂ ಮೀರಿ ಆ ಪಂಚಾಂಗ ನಡೆಯಿತು.

ಇದು ನಿಮಗೆ ವಿಚಿತ್ರವೆನಿಸಿದರೆ ನಮ್ಮ ಭಾಸ್ಕರಾಚಾರ್ಯನನ್ನು ನೆನಪಿಸಿಕೊಳ್ಳಿ. 1150ರ 'ಲೀಲಾವತಿ'ಯಲ್ಲಿ ಆತ ಲೆಕ್ಕ ಕೇಳುವುದೇ ಒಬ್ಬ ಹುಡುಗಿಯನ್ನು. ಅವಳನ್ನು ಕರೆಯುವುದು ಜಿಂಕೆಯ ಕಣ್ಣಿನವಳೇ ಎಂಬಂಥ ಸವಿಮಾತುಗಳಿಂದ. ಗುಣಾಕಾರ ಭಾಗಾಕಾರಕ್ಕೂ ಶೃಂಗಾರದ ಲೇಪ! ಆದರೆ ಒಂದು ವ್ಯತ್ಯಾಸವಿದೆ. ಲೀಲಾವತಿ ಕೊಟ್ಟ ಉತ್ತರ ಪುಸ್ತಕದಲ್ಲಿಲ್ಲ. 'ಲೇಡೀಸ್ ಡೈರಿ'ಯಲ್ಲಿ ಓದುಗಳಿಗೆ ಉತ್ತರ ಬರೆಯುವ ಅವಕಾಶವಿತ್ತು.

ಆಮೇಲೆ ಕವಿತೆಯ ಸಂಗ್ರಹಗಳು ಬಂದವು. ಚಿಕ್ಕ ಗಾತ್ರ, ಒಳ್ಳೆಯ ರಟ್ಟು, ಹೆಂಗಸರ ಕೈಗೆ ಕೊಡಬಹುದಾದ ಪದ್ಯಗಳ ಆಯ್ಕೆ. ಪ್ರೇಮ ಅದರ ಮುಖ್ಯ ಸರಕು. ಹುಡುಗಿ ಹೇಗೆ ನಾಚಬೇಕು, ಹೊಗಳಿಕೆಯನ್ನು ಹೇಗೆ ಸ್ವೀಕರಿಸಬೇಕು, ಯಾವಾಗ ಬಿಗಿಯಾಗಿರಬೇಕು ಎಂಬುದನ್ನೆಲ್ಲ ಪದ್ಯಗಳೇ ಕಲಿಸಬೇಕೆಂಬ ಉದ್ದೇಶ. ಕವಿತೆ ಒಂದು ಆಟವೂ ಆಯಿತು. ಬಾತ್ ನಗರದ ಸಮೀಪದ ತನ್ನ ಮನೆಯಲ್ಲಿ ಲೇಡಿ ಮಿಲ್ಲರ್ ಎಂಬಾಕೆ ಇಟಲಿಯಿಂದ ತಂದ ಒಂದು ಹಳೆಯ ಹೂಜಿಯನ್ನಿಟ್ಟು, ಬಂದ ಅತಿಥಿಗಳಿಂದ ಅದರೊಳಗೆ ಪದ್ಯ ಹಾಕಿಸಿ, ಗೆದ್ದವರಿಗೆ ಎಲೆಗಳ ಮಾಲೆ ತೊಡಿಸುತ್ತಿದ್ದಳು. ಆ ಪದ್ಯಗಳು 1775ರಿಂದ ಪುಸ್ತಕವಾಗಿಯೂ ಬಂದವು.

ಈ ಸಂಗ್ರಹಗಳ ನಡುವೆ ಒಂದು ಬೇರೆಯೇ ಬಗೆಯದು. 1755ರಲ್ಲಿ ಜಾರ್ಜ್ ಕೋಲ್ಮನ್ ಮತ್ತು ಬಾನೆಲ್ ಥಾರ್ನ್‌ಟನ್ ಎಂಬ ಇಬ್ಬರು 'ಪೊಯಮ್ಸ್ ಬೈ ಎಮಿನೆಂಟ್ ಲೇಡೀಸ್' ಎಂಬ ಎರಡು ಸಂಪುಟಗಳನ್ನು ತಂದರು. ಇದರಲ್ಲಿರುವುದು ಹೆಂಗಸರಿಗಾಗಿ ಗಂಡಸರು ಬರೆದ ಪದ್ಯಗಳಲ್ಲ, 18 ಜನ ಹೆಂಗಸರೇ ಬರೆದ ಪದ್ಯಗಳು. ಅದರಲ್ಲಿ ದೊಡ್ಡ ಪಾಲು ಪಡೆದವಳು ಶ್ರೀಮಂತಳಲ್ಲ. ಆಕೆ ಮೇರಿ ಲೀಪರ್, ತೋಟಗಾರನ ಮಗಳು, ಅಡುಗೆಮನೆಯ ಆಳು. 1746ರಲ್ಲಿ ದಡಾರ ಬಂದು 24ನೆಯ ವಯಸ್ಸಿಗೇ ತೀರಿಕೊಂಡಳು. ಅವಳ ಪದ್ಯಗಳು ಅಚ್ಚಾದದ್ದು ಸತ್ತ ಮೇಲೆ. ಅದೇ ಸಂಪುಟಗಳಲ್ಲಿ ಲೇಡಿ ಚಡ್ಲಿ ಕೂಡ ಇದ್ದಾಳೆ. ಮದುವೆಯಾದ ಹೆಣ್ಣಿನ ಸ್ಥಿತಿಗೂ ಆಳಿನ ಸ್ಥಿತಿಗೂ ಹೆಸರಿನಷ್ಟೇ ಅಂತರ ಎಂದು 1703ರಲ್ಲಿಯೇ ಪದ್ಯ ಬರೆದು ಹೇಳಿದವಳು ಆಕೆ. ದೇವತೆ ಎಂದು ಕರೆಸಿಕೊಂಡವರು ಏನೆಂದುಕೊಂಡರು ಎಂಬ ನಮ್ಮ ಪ್ರಶ್ನೆಗೆ ಇಲ್ಲಿ ಒಂದು ಉತ್ತರ ಸಿಗುತ್ತದೆ.

ಈಗ ನಮ್ಮ ಸೀಮೆಗೆ

ಲಂಡನ್ನಿನಲ್ಲಿ ಇದೆಲ್ಲ ನಡೆಯುತ್ತಿದ್ದಾಗ ನಿಮ್ಮ ತಾಲ್ಲೂಕುಗಳಲ್ಲಿ ಏನಿತ್ತು? ಮಧುಗಿರಿಯ ಕೋಟೆ 1678ರಲ್ಲಿ ಚಿಕ್ಕದೇವರಾಜ ಒಡೆಯರ ಕೈಸೇರಿತ್ತು. ಶಿರಾ 1638ರಿಂದ ಬಿಜಾಪುರದವರ ಅಧೀನದಲ್ಲಿದ್ದು, 1687ರಲ್ಲಿ ಔರಂಗಜೇಬನ ಸೇನಾನಿ ಖಾಸಿಂ ಖಾನನ ಕಾಲಕ್ಕೆ ಮೊಗಲರ ಒಂದು ಸುಬಾದ ರಾಜಧಾನಿಯಾಯಿತು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಗೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳಿಗೆ ಶಿರಾದಿಂದಲೇ ಆಡಳಿತ. ಅಲ್ಲಿಯ ಜಾಮಿಯಾ ಮಸೀದಿ 1696ರದು, ಮಲಿಕ್ ರಿಹಾನನ ಗೋರಿ ಅದಕ್ಕೂ ಹಿಂದಿನ 1651ರದು. ಇವನ್ನು ನೀವು ಬಸ್ಸಿನಲ್ಲಿ ಹೋಗುವಾಗಲೇ ನೋಡಿರುತ್ತೀರಿ. ಅಂದರೆ ಮಧುಗಿರಿಯಲ್ಲಿ ಮೈಸೂರಿನ ಧ್ವಜ, ಶಿರಾದಲ್ಲಿ ದೆಹಲಿಯ ಧ್ವಜ. ನಡುವೆ ಒಂದು ದಿನದ ನಡಿಗೆಯಷ್ಟು ದೂರ.

ಈ ಗಡಿಯ ಆಚೆ, ಶ್ರೀರಂಗಪಟ್ಟಣದ ಅರಮನೆಯೊಳಗೆ, ಕನ್ನಡದ ಹೆಂಗಸರು ಕಾವ್ಯ ಬರೆಯತೊಡಗಿದ್ದರು. ಚಿಕ್ಕದೇವರಾಜರ ರಾಣಿ ದೇವಾಜಮ್ಮಣ್ಣಿಗೆ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮ ಅವರಲ್ಲಿ ಒಬ್ಬಳು. ಯಳಂದೂರಿನವಳು. ಸಂಚಿಯ ಹೊನ್ನಮ್ಮ ಎಂದೇ ಅವಳ ಹೆಸರು ಉಳಿದಿದೆ. ಲೀಪರಳಂತೆ ಇವಳೂ ಊಳಿಗದವಳೇ ಎಂಬುದನ್ನು ಗುರುತಿಸಿಕೊಳ್ಳಿ. ಇವಳ 'ಹದಿಬದೆಯ ಧರ್ಮ' ಒಂಬತ್ತು ಸಂಧಿಗಳ ಸಾಂಗತ್ಯ ಕಾವ್ಯ. ಸಾಂಗತ್ಯವೆಂದರೆ ನಾಲ್ಕು ಸಾಲಿನ, ಹಾಡಿಕೊಳ್ಳಬಹುದಾದ ಮಟ್ಟು. ಪಂಡಿತರ ಚಂಪುವಿನಂತೆ ನಿಘಂಟು ಹಿಡಿದು ಕೂರಬೇಕಾಗಿಲ್ಲ. ಒಬ್ಬರು ಓದಿದರೆ ಹತ್ತು ಜನ ಕೇಳಬಹುದು. ಅಚ್ಚಿನ ಮನೆ ಇಲ್ಲದ ನಾಡಿನಲ್ಲಿ ಸಾಂಗತ್ಯವೇ ಅಗ್ಗದ ಆವೃತ್ತಿ!

'ಹದಿಬದೆಯ ಧರ್ಮ' ಪತಿವ್ರತೆಯ ನಡತೆಯನ್ನು ಹೇಳುವ ಕೃತಿ. ಗಂಡನ ಮನೆಯಲ್ಲಿ ಹೇಗಿರಬೇಕು, ಅತ್ತೆಮಾವಂದಿರನ್ನು ಹೇಗೆ ನೋಡಿಕೊಳ್ಳಬೇಕು ಎಂಬ ಉಪದೇಶ ಅದರಲ್ಲಿ ತುಂಬಾ ಇದೆ. ಇಂದಿನ ಹುಡುಗಿಯೊಬ್ಬಳು ಅದನ್ನು ಓದಿ ಮುಖ ಸಿಂಡರಿಸಿದರೆ ತಪ್ಪೆನ್ನಲಾರೆ. ಆದರೆ ಆ ಉಪದೇಶದ ನಡುವೆಯೇ ಹೊನ್ನಮ್ಮ ನಿಂತು ಕೇಳುತ್ತಾಳೆ: ನಮ್ಮನ್ನು ಹೆತ್ತ ತಾಯಿ ಹೆಣ್ಣಲ್ಲವೇ? ಸಾಕಿದವಳು ಹೆಣ್ಣಲ್ಲವೇ? ಹಾಗಿದ್ದೂ ಹೆಣ್ಣು ಹುಟ್ಟಿತೆಂದು ಹಳಿಯುವವರಿಗೆ ಕಣ್ಣು ಕಾಣುವುದಿಲ್ಲವೇ? ಸುಮಾರು ಮುನ್ನೂರು ವರ್ಷಗಳ ಹಿಂದೆ, ರಾಜನ ಅರಮನೆಯಲ್ಲಿ, ಊಳಿಗದ ಹೆಣ್ಣೊಬ್ಬಳು ಕೇಳಿದ ಪ್ರಶ್ನೆ ಇದು. ಇದರಲ್ಲಿ ದಾಕ್ಷಿಣ್ಯ ಎಲ್ಲಿದೆ ಹೇಳಿ. ಇದು ಲೆಕ್ಕ ಕೇಳುವ ಧ್ವನಿ.

ದೆಹಲಿಯ ಹುಡುಗಿ, ಮೇಲುಕೋಟೆಯ ವರ

ಇನ್ನೊಬ್ಬಳು ರಾಣಿಯೇ. 1714ರಿಂದ 1732ರವರೆಗೆ ಆಳಿದ ದೊಡ್ಡ ಕೃಷ್ಣರಾಜ ಒಡೆಯರ ರಾಣಿ ಚೆಲುವಾಂಬೆ. ಆಕೆ ಲಾಲಿಯ ಹಾಡುಗಳನ್ನು ಬರೆದಳು. ಜೊತೆಗೆ 'ವರನಂದೀ ಕಲ್ಯಾಣ' ಎಂಬ ಸಾಂಗತ್ಯ ಕಾವ್ಯವನ್ನೂ ಬರೆದಳು. ಇದು ನೇರವಾಗಿ ಪ್ರೇಮದ ಕಥೆ. ವರನಂದಿ ದೆಹಲಿಯ ಬಾದಶಹನ ಮಗಳು, ಮೇಲುಕೋಟೆಯ ಚೆಲುವರಾಯಸ್ವಾಮಿಗೆ ಮನಸೋಲುತ್ತಾಳೆ, ಅವನನ್ನೇ ವರಿಸುತ್ತಾಳೆ. ಹಿಂದಿನ ಜನ್ಮದಲ್ಲಿ ಅವಳು ಸತ್ಯಭಾಮೆ ಎಂದು ಕಾವ್ಯ ಹೇಳುತ್ತದೆ.

ಮೇಲುಕೋಟೆಯ ಐತಿಹ್ಯವನ್ನು ನೀವು ಕೇಳಿರಬಹುದು. ರಾಮಾನುಜಾಚಾರ್ಯರು ಉತ್ಸವಮೂರ್ತಿಯನ್ನು ಹುಡುಕಿಕೊಂಡು ದೆಹಲಿಗೆ ಹೋದರು, ಅದು ಸುಲ್ತಾನನ ಮಗಳ ಆಟಿಕೆಯಾಗಿತ್ತು, ಮೂರ್ತಿಯನ್ನು ತಂದಾಗ ಅವಳೂ ಬಿಡಲಾರದೆ ಹಿಂಬಾಲಿಸಿ ಬಂದಳು, ಬೀಬಿ ನಾಚ್ಚಿಯಾರ್ ಎಂಬ ಹೆಸರಿನಲ್ಲಿ ಇಂದಿಗೂ ಅವಳಿಗೆ ಪೂಜೆಯುಂಟು. ಇತಿಹಾಸದ ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಸಂಪ್ರದಾಯದ ಪ್ರಕಾರ ರಾಮಾನುಜರು ತೀರಿಕೊಂಡದ್ದು 1137ರಲ್ಲಿ. ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆ ಆರಂಭವಾದದ್ದು 1206ರಲ್ಲಿ. ಕಾಲ ಹೊಂದುವುದಿಲ್ಲ. ಹಾಗೆಂದು ಕಥೆಯನ್ನು ಕಸದಬುಟ್ಟಿಗೆ ಹಾಕಬೇಕೆ? ಬೇಡ. ಕಥೆ ನಡೆದ ಕಾಲವನ್ನು ಅದು ತಿಳಿಸದೆ ಇರಬಹುದು, ಹೇಳಿದವರ ಮನಸ್ಸನ್ನು ತಿಳಿಸುತ್ತದೆ.

ಚೆಲುವಾಂಬೆಯ ಕಾಲವನ್ನು ನೆನಪಿಸಿಕೊಳ್ಳಿ. ಶಿರಾದಲ್ಲಿ ದೆಹಲಿಯ ಹೆಸರಿನಲ್ಲಿ ನವಾಬ ಕುಳಿತಿದ್ದ. ಅವಳ ಗಂಡನ ಆಳ್ವಿಕೆಯಲ್ಲಿ ಶಿರಾ ಮತ್ತು ಆರ್ಕಾಟಿನ ನವಾಬರು ಕಪ್ಪ ಕೇಳಿಕೊಂಡು ಶ್ರೀರಂಗಪಟ್ಟಣದ ಮೇಲೆ ಬಂದು, ಅಪಾರ ಹಣ ತೆಗೆದುಕೊಂಡು ಹೋದರು. ಅರಮನೆಯ ಗಂಡಸರಿಗೆ ದೆಹಲಿ ಎಂದರೆ ಕಪ್ಪ, ಕುದುರೆ, ಫರ್ಮಾನು. ಅದೇ ಅರಮನೆಯ ಹೆಣ್ಣು ಬರೆದಾಗ ದೆಹಲಿಯಿಂದ ಬಂದದ್ದು ಒಬ್ಬ ಹುಡುಗಿ. ಅದೂ ಒಲಿದು ಬಂದವಳು.

ಇದನ್ನು ಎರಡು ರೀತಿಯಲ್ಲಿ ಓದಬಹುದು. ಯುದ್ಧದಲ್ಲಿ ಸೋತದ್ದನ್ನು ಕಥೆಯಲ್ಲಿ ಗೆದ್ದುಕೊಂಡರು, ಬಾದಶಹನ ಮಗಳನ್ನೇ ನಮ್ಮ ದೇವರ ಹೆಂಡತಿಯನ್ನಾಗಿ ಮಾಡಿಕೊಂಡರು ಎಂದು ಒಬ್ಬರು ಹೇಳಬಹುದು. ಪರಕೀಯಳೆನಿಸಿದವಳನ್ನು ಹಿಂದಿನ ಜನ್ಮದ ಬಂಧು ಎಂದು ಮನೆಗೆ ಕರೆದುಕೊಂಡರು ಎಂದು ಇನ್ನೊಬ್ಬರು ಹೇಳಬಹುದು. ನನಗೆ ಎರಡನೆಯದು ಹೆಚ್ಚು ಹಿಡಿಸುತ್ತದೆ. ಆದರೆ ಮೊದಲನೆಯದನ್ನು ತಳ್ಳಿಹಾಕಲಾರೆ. ನಿಮ್ಮ ತರಗತಿಯಲ್ಲಿ ಇದನ್ನೇ ಒಂದು ಚರ್ಚಾಸ್ಪರ್ಧೆಯ ವಿಷಯ ಮಾಡಿ ನೋಡಿ. ಎರಡೂ ಓದುಗಳಿಗೂ ಸಾಮಾನ್ಯವಾದ ಒಂದು ಅಂಶವಿದೆ: ಈ ಕಥೆಯಲ್ಲಿ ಪ್ರೀತಿಯನ್ನು ಮೊದಲು ಹೇಳುವವಳು ಹೆಣ್ಣು. ಹೊರಟು ಬರುವವಳೂ ಅವಳೇ. ಇಂಗ್ಲಿಷ್ ಸಂಗ್ರಹಗಳ ನಾಯಿಕೆ ಕಿಟಕಿಯ ಬಳಿ ಕುಳಿತು ಹೊಗಳಿಕೆಗಾಗಿ ಕಾಯುತ್ತಿದ್ದರೆ, ವರನಂದಿ ದಾರಿ ಹಿಡಿದು ನಡೆಯುತ್ತಾಳೆ.

ಸಂಗ್ರಹಿಸುವವರು ಯಾರು?

ಕವಿತೆ ಬರೆದರೆ ಸಾಲದು. ಅದನ್ನು ಉಳಿಸಬೇಕು, ಆರಿಸಬೇಕು, ಓದುಗರ ಕೈಗೆ ಕೊಡಬೇಕು. ಅಲ್ಲಿ ಇನ್ನೊಂದು ಅಧಿಕಾರ ಇದೆ. ಅದು ಸಂಪಾದಕನದು.

1789ರಲ್ಲಿ ಲಂಡನ್ನಿನಲ್ಲಿ 'ದಿ ಫೀಮೇಲ್ ರೀಡರ್' ಎಂಬ ಸಂಗ್ರಹ ಪ್ರಕಟವಾಯಿತು. ಹೆಣ್ಣುಮಕ್ಕಳ ಓದಿಗೆಂದು ಆಯ್ದ ಗದ್ಯಪದ್ಯಗಳು. ಆಯ್ದವಳು ಮೇರಿ ವುಲ್‌ಸ್ಟನ್‌ಕ್ರಾಫ್ಟ್. ಮುಖಪುಟದ ಮೇಲೆ ಇದ್ದದ್ದು ಕ್ರೆಸ್‌ವಿಕ್ ಎಂಬ ಗಂಡಸಿನ ಹೆಸರು! ಮೂರು ವರ್ಷಗಳ ನಂತರ, 1792ರಲ್ಲಿ, ಆಕೆ ತನ್ನ ಹೆಸರಿನಲ್ಲಿಯೇ ಹೆಣ್ಣಿನ ಹಕ್ಕುಗಳನ್ನು ಕುರಿತು ಪುಸ್ತಕ ಬರೆದಳು. ಅದರಲ್ಲಿ ಗ್ಯಾಲಂಟ್ರಿಯನ್ನೇ ಎದುರು ಹಾಕಿಕೊಂಡಳು. ಕೆಳಗೆ ಬಿದ್ದ ಕರವಸ್ತ್ರವನ್ನು ಓಡಿಬಂದು ಎತ್ತಿಕೊಡುವ ಗಂಡಸು ಹೆಣ್ಣಿಗೆ ಗೌರವ ತೋರುತ್ತಿಲ್ಲ, ಅವಳನ್ನು ಕೈಲಾಗದವಳೆಂದು ಎಣಿಸುತ್ತಿದ್ದಾನೆ ಎಂಬುದು ಅವಳ ವಾದದ ಸಾರ. ಹೆಂಗಸರನ್ನು ಹೂವಿಗೆ ಹೋಲಿಸಿದ ಒಂದು ಪದ್ಯವನ್ನೂ ಅಲ್ಲಿ ಎತ್ತಿಕೊಂಡು ಟೀಕಿಸಿದಳು. ಆ ಪದ್ಯ ಬರೆದವಳು ಆನಾ ಬಾರ್ಬಾಲ್ಡ್, ಸ್ವತಃ ಒಬ್ಬ ವಿದುಷಿ. ಹೊಗಳಿಕೆಯ ಭಾಷೆಯನ್ನು ಹೆಣ್ಣೇ ಬಳಸಿದರೂ ಅದು ಹೂವಿನ ಕೆಲಸವನ್ನೇ ಕಲಿಸುತ್ತದೆ ಎಂಬುದು ವುಲ್‌ಸ್ಟನ್‌ಕ್ರಾಫ್ಟಳ ಆತಂಕವಾಗಿತ್ತು.

ನಮ್ಮ ಕಡೆಯ ಉದಾಹರಣೆಗೆ ಪಾವಗಡದ ಗೆಳೆಯರು ಕಿವಿಗೊಡಬೇಕು. ಬಹುಪಾಲು ಆಂಧ್ರದಿಂದ ಸುತ್ತುವರಿದ ತಾಲ್ಲೂಕು ನಿಮ್ಮದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವವರು ನಿಮ್ಮಲ್ಲಿ ಅನೇಕರು. ಹದಿನೆಂಟನೆಯ ಶತಮಾನದ ತಂಜಾವೂರಿನಲ್ಲಿ, ಪ್ರತಾಪಸಿಂಹನ ಆಸ್ಥಾನದಲ್ಲಿ, ಮುದ್ದುಪಳನಿ ಎಂಬ ಕವಯಿತ್ರಿ ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಬರೆದಳು. ಕೃಷ್ಣನ ಮೇಲೆ ಮುನಿದ ರಾಧೆಯನ್ನು ಸಮಾಧಾನಪಡಿಸುವ ಕಥೆ. ದಕ್ಷಿಣ ನಾಯಕನ ಸವಿಮಾತಿಗೆ ಹೆಣ್ಣು ಏನು ಹೇಳುತ್ತಾಳೆ ಎಂಬುದೇ ಅದರ ಜೀವ. ಮುದ್ದುಪಳನಿ ತನ್ನ ಕಾವ್ಯದ ಪೀಠಿಕೆಯಲ್ಲಿ ತಂದೆಯ ವಂಶವನ್ನು ಹೊಗಳಲಿಲ್ಲ, ತನ್ನ ಅಜ್ಜಿಯನ್ನೂ ಮನೆಯ ಹೆಂಗಸರನ್ನೂ ನೆನೆದಳು. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಅಚ್ಚು ಹಾಕಿದ ಸಂಪಾದಕರು ಆ ಪೀಠಿಕೆಯನ್ನೇ ಬಿಟ್ಟುಬಿಟ್ಟರು.

ಇದನ್ನು ಕಂಡು ಕೆರಳಿದವರು ನಮ್ಮ ನಂಜನಗೂಡಿನಲ್ಲಿ ಹುಟ್ಟಿದ, ಬೆಂಗಳೂರು ನಾಗರತ್ನಮ್ಮ ಎಂದು ಹೆಸರಾದ ಗಾಯಕಿ. ಮೂಲಪ್ರತಿ ಹುಡುಕಿ 1910ರಲ್ಲಿ ಪೂರ್ಣ ಕಾವ್ಯವನ್ನು ಪ್ರಕಟಿಸಿದರು. ಅಶ್ಲೀಲವೆಂಬ ಆರೋಪ ಬಂತು. 1911ರಲ್ಲಿ ಸರ್ಕಾರ ಪ್ರತಿಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ನಿಷೇಧ ತೆಗೆದದ್ದು 1947ರಲ್ಲಿ. ಗಂಡು ಕವಿಗಳು ಇದಕ್ಕಿಂತ ಬಿಚ್ಚುಮಾತಿನಲ್ಲಿ ಬರೆದ ಶೃಂಗಾರ ಪುಸ್ತಕದಂಗಡಿಗಳಲ್ಲಿ ನಿರಾತಂಕವಾಗಿ ಮಾರಾಟವಾಗುತ್ತಿರುವಾಗ ಹೆಣ್ಣು ಬರೆದದ್ದಕ್ಕೆ ಮಾತ್ರ ಯಾಕೆ ತಡೆ ಎಂಬ ನಾಗರತ್ನಮ್ಮನವರ ಪ್ರಶ್ನೆಗೆ ಸರಿಯಾದ ಉತ್ತರ ಯಾರಲ್ಲೂ ಇರಲಿಲ್ಲ.

ಹೊಗಳಿಕೆಗೂ ಹಕ್ಕಿಗೂ ಎಷ್ಟು ದೂರ?

ಇನ್ನು ಲೆಕ್ಕಕ್ಕೆ ಬರೋಣ. ಇಂಗ್ಲೆಂಡಿನ ಕವಿಗಳು ಹೆಣ್ಣನ್ನು ಸಾಮ್ರಾಜ್ಞಿ ಎಂದು ಕರೆದ ಕಾಲದಲ್ಲಿ, ಮದುವೆಯಾದ ಹೆಣ್ಣಿನ ಆಸ್ತಿ ಕಾನೂನಿನ ಪ್ರಕಾರ ಗಂಡನ ಕೈಗೆ ಹೋಗುತ್ತಿತ್ತು. ಅವಳ ಆಸ್ತಿ ಅವಳದೇ ಎಂದು ಅಲ್ಲಿಯ ಪಾರ್ಲಿಮೆಂಟು ಸಾರಾಸಗಟಾಗಿ ಒಪ್ಪಿದ್ದು 1882ರಲ್ಲಿ. ಮೈಸೂರು ಸಂಸ್ಥಾನದಲ್ಲಿ ಹಿಂದೂ ಹೆಂಗಸರಿಗೆ ಆಸ್ತಿಯ ಕೆಲವು ಹಕ್ಕುಗಳನ್ನು ಕೊಟ್ಟ ಕಾನೂನು ಬಂದದ್ದು 1933ರಲ್ಲಿ. ಲೇಡಿ ಚಡ್ಲಿಯ ಪದ್ಯದಿಂದ 1882ಕ್ಕೆ 179 ವರ್ಷ. ಹೊನ್ನಮ್ಮನಿಂದ 1933ಕ್ಕೆ ಎರಡು ಶತಮಾನಗಳಿಗೂ ಹೆಚ್ಚು. ಹಾಡು ಮೊದಲು ಬಂತು, ಕಾನೂನು ಬಹಳ ನಿಧಾನವಾಗಿ ಹಿಂದೆ ಬಂತು.

ಹಾಗಾದರೆ ಪ್ರೇಮದ ಹಾಡುಗಳನ್ನು ಬಿಟ್ಟುಬಿಡೋಣವೇ? ಖಂಡಿತ ಬೇಡ. ನಿಮ್ಮದೇ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಭಾವಗೀತೆಗಳನ್ನು ಕನ್ನಡಕ್ಕೆ ತಂದು 1926ರಲ್ಲಿ 'ಇಂಗ್ಲಿಷ್ ಗೀತಗಳು' ಪ್ರಕಟಿಸಿದಾಗ ನಮ್ಮ ಕವಿತೆಯ ದಾರಿಯೇ ತಿರುಗಿತು. ಆ ಗೀತಗಳಲ್ಲಿ ಪ್ರೀತಿಯೂ ಇತ್ತು, ಅಗಲಿಕೆಯೂ ಇತ್ತು. ಸವಿಮಾತು ಸುಳ್ಳೇ ಆಗಬೇಕೆಂದಿಲ್ಲ. ಆದರೆ ಸವಿಮಾತನ್ನು ಕೇಳಿದವಳಿಗೂ ಮಾತಾಡುವ ಸರದಿ ಬರಬೇಕು. ಪದ್ಯ ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇದನ್ನು ಆಡುತ್ತಿರುವವರು ಯಾರು? ಆರಿಸಿ ಕೊಟ್ಟವರು ಯಾರು? ಉತ್ತರ ಹೇಳುವ ಅವಕಾಶ ಯಾರಿಗೆ ಇಲ್ಲ?

ಕೊನೆಯದಾಗಿ ನಿಮಗೊಂದು ಕೆಲಸ. ನಿಮ್ಮ ಊರುಗಳಲ್ಲಿಯೂ ಹೆಂಗಸರ ಕವಿತೆಯ ಸಂಗ್ರಹಗಳಿವೆ. ಅವು ಪುಸ್ತಕದಲ್ಲಿಲ್ಲ, ಅಜ್ಜಿಯಂದಿರ ಬಾಯಲ್ಲಿವೆ. ಹಸೆಗೆ ಕರೆಯುವ ಸೋಬಾನೆ, ರಾಗಿ ಬೀಸುವ ಪದ, ಕೋಲಾಟದ ಪದ, ಮದುವೆಯಲ್ಲಿ ಬೀಗರನ್ನು ಹಂಗಿಸುವ ಪದ. ಬೀಗರ ಪದದಲ್ಲಿ ದಾಕ್ಷಿಣ್ಯವೆಂಬುದೇ ಇಲ್ಲ! ಗಂಡಿನ ಮೀಸೆ, ಅವನ ತಾಯಿಯ ಜಿಪುಣತನ, ತಂದ ಒಡವೆಯ ತೂಕ ಎಲ್ಲವನ್ನೂ ಹೆಂಗಸರು ಗುಂಪಾಗಿ ಕುಳಿತು ನಗೆಪಾಟಲು ಮಾಡುತ್ತಾರೆ. ಶಿರಾ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ದನಗಾಹಿ ವೀರ ಜುಂಜಪ್ಪನ ಕಥೆಯನ್ನು ಗಣೆ ಊದಿ ಹಾಡುವುದನ್ನು ನೀವು ಬಲ್ಲಿರಿ. ಆ ಹಾಡಿಗೆ ಸಂಶೋಧಕರ ಗಮನ ಸಾಕಷ್ಟು ಸಿಕ್ಕಿದೆ. ರಾಗಿಕಲ್ಲಿನ ಮುಂದೆ ಹುಟ್ಟಿದ ಹಾಡಿಗೆ ಅಷ್ಟು ಸಿಕ್ಕಿಲ್ಲ. ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲೇ ಮೂಲೆ ಸೇರಿತು.

ಈ ರಜೆಯಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಧ್ವನಿಮುದ್ರಣ ಮಾಡಿಕೊಳ್ಳಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಒಂದು ಹಾಡು, ಹಾಡಿದವರ ಹೆಸರು, ವಯಸ್ಸು, ಊರು, ದಿನಾಂಕ. ಅವರು ಅದನ್ನು ಯಾರಿಂದ ಕಲಿತರು ಎಂಬುದನ್ನು ತಪ್ಪದೆ ಕೇಳಿ ಬರೆದುಕೊಳ್ಳಿ. ಅವರ ಒಪ್ಪಿಗೆ ಪಡೆದ ಮೇಲೆಯೇ ಬೇರೆಯವರಿಗೆ ತೋರಿಸಿ. ಮಾತು ಒರಟೆನಿಸಿದರೆ ತಿದ್ದಬೇಡಿ, ನಾಚಿಕೆಯೆನಿಸಿದ ಸಾಲನ್ನು ಬಿಡಬೇಡಿ. ಮುದ್ದುಪಳನಿಯ ಪೀಠಿಕೆಯನ್ನು ಬಿಟ್ಟ ಸಂಪಾದಕರು ಮಾಡಿದ್ದನ್ನು ನೀವು ಮಾಡಬೇಡಿ. ಹಾಡಿದ ಅಜ್ಜಿಯ ಹೆಸರು ಹಾಡಿನ ಜೊತೆಗೇ ಇರಲಿ.